ಹಳೆಯ ಟೋಪೋಶೀಟು, ನಮ್ಮ ಕರಾವಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ 1950ರ ಆಸುಪಾಸಿನ ಟೋಪೋಶೀಟುಗಳ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬಂದಿತ್ತು. ಸರ್ವೆ ಆಫ್ ಇಂಡಿಯಾದವರು ಒಂದು ಇಂಚಿಗೆ ಒಂದು ಮೈಲಿ ಲೆಕ್ಕದಲ್ಲಿ ಮಾಡಿದ ನಕ್ಷೆಗಳು ಇವು. ಗುಡ್ಡ, ಹೊಳೆ, ಗದ್ದೆ, ಕಾಡು, ದಾರಿ, ದೇವಸ್ಥಾನ, ಬಾವಿ ಎಲ್ಲ ಇದರಲ್ಲಿ ಇರುತ್ತವೆ. ನಮ್ಮ ಕರಾವಳಿಯ ಮಟ್ಟಿಗೆ ಇವು ತಯಾರಾದ ಕಾಲ ಬಹಳ ಮುಖ್ಯ. ದೊಡ್ಡ ಸೇತುವೆ, ಅಣೆಕಟ್ಟು, ರೈಲು, ನೌಕಾನೆಲೆ ಬರುವುದಕ್ಕೆ ಸ್ವಲ್ಪ ಮೊದಲಿನ ಊರುಗಳು ಈ ಹಾಳೆಗಳಲ್ಲಿ ಉಳಿದಿವೆ. ಅದಕ್ಕೇ ಇರಬೇಕು, ಕಾರವಾರದಿಂದ ಉಳ್ಳಾಲದವರೆಗೆ ಪತ್ರಗಳು ಬಂದಿವೆ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ಅಣ್ಣನ ಮಗ ಮೊಬೈಲಿಗೆ ಒಂದು ಹಳೆ ನಕ್ಷೆ ಕಳಿಸಿದ್ದಾನೆ. ಮೇಲೆ 48 ಜೆ/7 ಅಂತ ಇದೆ, ಅಂಚಿನಲ್ಲಿ ಏನೇನೋ ಸಣ್ಣಕ್ಷರ. ಕುಮಟಾ, ಹೊನ್ನಾವರ ಎರಡೂ ಕಾಣುತ್ತವೆ. ಎಲ್ಲಿಂದ ಓದಲು ಶುರು ಮಾಡಬೇಕು?
– ನಿವೃತ್ತ ಶಿಕ್ಷಕರು, ಕುಮಟಾ

ಉತ್ತರ: ಆ ಸಣ್ಣಕ್ಷರದಿಂದಲೇ ಶುರು ಮಾಡಿ ಸರ್. ಎಲ್ಲರೂ ಮೊದಲು ತಮ್ಮ ಮನೆ ಹುಡುಕುತ್ತಾರೆ, ಅದು ಸಹಜ. ಆದರೆ ಅಂಚಿನಲ್ಲಿರೋ ನಾಲ್ಕು ಸಾಲು ಓದದೆ ಒಳಗೆ ಹೋದರೆ ದಾರಿ ತಪ್ಪುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ಇಸವಿ ಇರುತ್ತವೆ. ಒಂದು ಅಚ್ಚಾದ ವರ್ಷ. ಇನ್ನೊಂದು ಸರ್ವೆ ನಡೆದ ವರ್ಷ, ಅಂದರೆ ಸರ್ವೆಯವರು ಊರೂರು ಸುತ್ತಿ ಅಳತೆ ಮಾಡಿದ ವರ್ಷ. ನಮಗೆ ಬೇಕಾದದ್ದು ಎರಡನೆಯದು. ಅಚ್ಚು 1950ರ ದಶಕದ್ದಾಗಿದ್ದರೂ ಸರ್ವೆ ಅದಕ್ಕಿಂತ ಎಷ್ಟೋ ಹಿಂದೆ ಆಗಿರಬಹುದು. ನಡುವೆ ಮರುಮುದ್ರಣ ಮಾಡುವಾಗ ರಸ್ತೆ, ಗಡಿಗಳನ್ನಷ್ಟೇ ತಿದ್ದಿ, ಮನೆ, ತೋಟಗಳನ್ನು ಹಾಗೇ ಬಿಟ್ಟಿರುವುದೂ ಉಂಟು. ಹಾಗಾಗಿ ಒಂದೇ ಹಾಳೆಯಲ್ಲಿ ಎರಡು ಕಾಲ ಕೂತಿರಬಹುದು. ‘ತಿದ್ದುಪಡಿ ಇಂಥ ವರ್ಷದವರೆಗೆ’ ಅನ್ನೋ ತರದ ಸಾಲು ಇದ್ದರೆ ಅದನ್ನು ಬೇರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಆ ನಂಬರ್. ಇದು ಗೊತ್ತಾದರೆ ಪಕ್ಕದ ಹಾಳೆ ಹುಡುಕೋದು ಸುಲಭ. ದೇಶವನ್ನು ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ಚೌಕಗಳಾಗಿ ಮಾಡಿ ಒಂದೊಂದಕ್ಕೆ ಒಂದು ಸಂಖ್ಯೆ ಕೊಟ್ಟಿದ್ದಾರೆ. ನಮ್ಮ ಕರಾವಳಿ 48ರಲ್ಲಿ ಬರುತ್ತದೆ. ಆ ಚೌಕವನ್ನು ಎ ಇಂದ ಪಿ ತನಕ 16 ಭಾಗ ಮಾಡುತ್ತಾರೆ. ಅದರಲ್ಲಿ ಒಂದೊಂದನ್ನೂ ಮತ್ತೆ 1ರಿಂದ 16ರ ತನಕ. ಎರಡೂ ಸಲ ಎಣಿಕೆ ಮೇಲಿಂದ ಕೆಳಗೆ, ಆಮೇಲೆ ಬಲಗಡೆಯ ಸಾಲಿಗೆ. ಕೊನೆಗೆ ನಿಮ್ಮ ಕೈಗೆ ಬರುವ ಹಾಳೆ 15 ಮಿನಿಟಿನ (ಅಂದರೆ ಕಾಲು ಡಿಗ್ರಿಯ) ಚೌಕ, ನಮ್ಮ ಕಡೆ ನೆಲದ ಮೇಲೆ ಸುಮಾರು 27 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಕಾರವಾರ 48 ಜೆ/1. ಅಂಕೋಲಾ, ಗೋಕರ್ಣ ಎರಡೂ ಜೆ/6. ಕುಮಟಾ, ಹೊನ್ನಾವರ ಜೆ/7. ಭಟ್ಕಳ ಬೇಕಿದ್ದರೆ 48 ಕೆ/9, ಕುಂದಾಪುರ ಕೆ/10, ಮಂಗಳೂರು 48 ಎಲ್/13. ಸರ್ವೆ ಆಫ್ ಇಂಡಿಯಾದವರು ಜನರ ಬಳಕೆಗೆ ಅಂತ ಮಾಡಿದ ಹೊಸ ಓಪನ್ ಸೀರೀಸ್ ಹಾಳೆಗಳಿಗೆ ಬೇರೆ ನಂಬರ್, ಡಿ43 ಅಂತ ಶುರುವಾಗುತ್ತೆ. ಎರಡನ್ನೂ ಕಲಸಿಕೊಳ್ಳಬೇಡಿ.

ಇಂಚಿನ ಹಾಳೆ ಸಿಗದವರಿಗೆ ಇನ್ನೊಂದು ದಾರಿ ಇದೆ. ಅಮೆರಿಕದ ಸೇನೆಯ ನಕ್ಷೆ ವಿಭಾಗ 1950ರ ದಶಕದಲ್ಲಿ ಇಡೀ ಭಾರತಕ್ಕೆ ಯು502 ಅನ್ನೋ ಸರಣಿ ಮಾಡಿತ್ತು. ಟೆಕ್ಸಸ್ ವಿಶ್ವವಿದ್ಯಾಲಯದ ಲೈಬ್ರರಿಯವರು ಅದನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಸ್ಕೇಲ್ ಚಿಕ್ಕದು, ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಕೇರಿ, ಬಾವಿ ಹುಡುಕಲು ಆಗಲ್ಲ. ಆದರೆ ಘಟ್ಟದ ದಾರಿ, ಹೊಳೆ, ಆ ಕಾಲದ ಗಡಿ ನೋಡಲು ಚೆನ್ನಾಗಿದೆ. ಅದನ್ನು ಮಾಡಿದ್ದೂ ಹೆಚ್ಚಾಗಿ ಸರ್ವೆ ಆಫ್ ಇಂಡಿಯಾದ ಹಳೆ ನಕ್ಷೆಗಳಿಂದಲೇ. ಅಲ್ಲೂ ಅಂಚು ಓದಿ.

ಪ್ರಶ್ನೆ: ನಕ್ಷೆಯಲ್ಲಿ ನಮ್ಮ ಊರಿನ ಹೆಸರು ಗದ್ದೆ ನಡುವೆ ಬರೆದಿದ್ದಾರೆ. ಅಲ್ಲಿ ಯಾವ ಕಾಲಕ್ಕೂ ಮನೆ ಇರಲಿಲ್ಲ ಅಂತ ಅಪ್ಪ ಹೇಳುತ್ತಾರೆ. ಹೈವೇ ಇಲ್ಲ, ಸೇತುವೆಯೂ ಇಲ್ಲ. ನಕ್ಷೆ ತಪ್ಪಾ?
– ಹೊನ್ನಾವರ ತಾಲೂಕಿನ ಓದುಗರು

ಉತ್ತರ: ನಕ್ಷೆಯೂ ಸರಿ, ನಿಮ್ಮ ಅಪ್ಪ ಹೇಳಿದ್ದೂ ಸರಿ. ಧಾರವಾಡದ ಕಡೆಯ ಹಾಳೆ ಒಂದು ತೆಗೆದು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಊರು ಅಂದರೆ ಒತ್ತೊತ್ತಾಗಿ ಒಂದು ಗುಂಪು ಮನೆ, ಸುತ್ತ ಹೊಲ. ಹೆಸರು ಆ ಗುಂಪಿನ ಪಕ್ಕ. ನಮ್ಮಲ್ಲಿ ಹಾಗಿಲ್ಲವಲ್ಲ. ಗದ್ದೆಯ ಬದಿಯಲ್ಲಿ, ಗುಡ್ಡದ ಬುಡದಲ್ಲಿ, ತೆಂಗಿನ ತೋಟದ ಒಳಗೆ ಒಂದೊಂದೇ ಮನೆ. ಹಾಗಾಗಿ ಹಾಳೆಯಲ್ಲಿ ಚುಕ್ಕಿಗಳು ಚೆಲ್ಲಿದ ಹಾಗೆ ಕಾಣುತ್ತವೆ, ಗ್ರಾಮದ ಹೆಸರನ್ನು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬರೆದಿರುತ್ತಾರೆ. ಆ ಹೆಸರಿಗಿಂತ ಸಣ್ಣಕ್ಷರದ ಹೆಸರುಗಳ ಮೇಲೆ ಕಣ್ಣಿಡಿ. ಮಕ್ಕಿ, ಕೊಡ್ಲು, ಕೇರಿ, ಹಿತ್ಲು, ಬೈಲು ಅಂತ ಕೊನೆಯಾಗೋವು. ಜನ ನಿಜವಾಗಿ ಇದ್ದದ್ದು ಅಲ್ಲಿ. ಒಂದು ಮಾತು, ಚುಕ್ಕಿ ಎಣಿಸಿ ಇಷ್ಟು ಮನೆ ಇತ್ತು ಅಂತ ಹೇಳೋಕೆ ಹೋಗಬೇಡಿ. ಈ ಸ್ಕೇಲಿನಲ್ಲಿ ಒಂದು ಚುಕ್ಕಿ ಎರಡು ಮೂರು ಮನೆಗೂ ಸೇರಿ ಇರಬಹುದು.

ಹೈವೇ ವಿಷಯ. ಇವತ್ತಿನ 66ನೇ ನಂಬರಿನ ಹೆದ್ದಾರಿಯನ್ನು ಮನಸ್ಸಿನಿಂದ ಅಳಿಸಿಬಿಡಿ. ಉತ್ತರ ಕನ್ನಡದ ಕರಾವಳಿಯನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಹೊಳೆ ಅಡ್ಡಡ್ಡ ಕತ್ತರಿಸುತ್ತವೆ. ಹಳೆ ಹಾಳೆಯಲ್ಲಿ ಕರಾವಳಿ ದಾರಿ ಹೊಳೆಯ ದಂಡೆಗೆ ಬಂದು ನಿಂತು, ಆಚೆ ದಂಡೆಯಿಂದ ಮತ್ತೆ ಶುರುವಾಗುತ್ತದೆ. ನಡುವೆ ನೀರಿನ ಮೇಲೆ ‘ಫೆರಿ’ ಅಂತ ಸಣ್ಣಗೆ. ಅದೇ ತಾರಿ. ತಾರಿ ಇದ್ದ ಕಡೆ ಎರಡೂ ದಂಡೆ ನೋಡಿ. ಪೋಸ್ಟ್ ಆಫೀಸು, ಬಂಗಲೆ, ದೇವಸ್ಥಾನ, ಮಸೀದಿ, ನಾಲ್ಕು ಅಂಗಡಿ ಇರಬಹುದಾದಷ್ಟು ಮನೆ. ಕೆಲವೇ ದಶಕದ ಹಿಂದೆ ಅದು ಪೇಟೆ. ಸೇತುವೆ ಬೇರೆ ಕಡೆ ಬಂದಮೇಲೆ ಆ ಪೇಟೆ ಖಾಲಿಯಾಗಿ, ಸೇತುವೆ ಬುಡದಲ್ಲಿ ಹೊಸದು ಹುಟ್ಟಿದ್ದು ಎಷ್ಟೋ ಕಡೆ ಇದೆ.

ನಿಮ್ಮ ಶರಾವತಿಯನ್ನೇ ತೆಗೆದುಕೊಳ್ಳಿ. ಹೊನ್ನಾವರದಿಂದ ಗೇರುಸೊಪ್ಪದ ತನಕ ದೋಣಿ ಹೋಗುತ್ತಿತ್ತು, ಹೊಳೆಯೇ ರಸ್ತೆ. ಹಾಗಾಗಿ ಹಳೆಯ ದೇವಸ್ಥಾನ, ಹಳೆಯ ಮನೆತನ, ಹಳೆಯ ಕೇರಿ ಎಲ್ಲ ಹೊಳೆಗೆ ಮುಖ ಮಾಡಿವೆ. ಈಗ ಅದೇ ಹೊಳೆಯ ಮೇಲೆ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದೆ, ಎರಡು ಕಿಲೋಮೀಟರಿಗೂ ಜಾಸ್ತಿ. ಆ ಮಾರ್ಗ ಪೂರ್ತಿ ಶುರುವಾದದ್ದು 1998ರ ಜನವರಿಯಲ್ಲಿ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಅದರಿಂದ ಉತ್ತರಕ್ಕೆ ಕರಾವಳಿಗುಂಟ ದಶಕಗಟ್ಟಲೆ ಏನೂ ಇರಲಿಲ್ಲ. ಈ ಖಾಲಿ ಜಾಗವನ್ನು ನಕ್ಷೆಯಲ್ಲಿ ಕಣ್ಣಾರೆ ನೋಡಿದರೆ ಮಾತ್ರ ನಮ್ಮ ಅಜ್ಜಂದಿರಿಗೆ ಬೊಂಬಾಯಿ ಹತ್ತಿರ, ಬೆಂಗಳೂರು ದೂರ ಯಾಕಿತ್ತು ಅಂತ ತಿಳಿಯುತ್ತದೆ.

ಪ್ರಶ್ನೆ: ನನ್ನ ಅಜ್ಜಿಯ ತವರು ಕಾರವಾರದ ಹತ್ತಿರ ಅರ್ಗಾ ಕಡೆ. ಸೀಬರ್ಡ್ ನೌಕಾನೆಲೆ ಯೋಜನೆಗೆ ಜಾಗ ಹೋದಾಗ ಅವರೆಲ್ಲ ಎದ್ದು ಬಂದರು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಅಜ್ಜಿ ಆಗಾಗ ಒಂದು ಬಾವಿ, ಒಂದು ನಾಗರ ಬನ, ಗುಡ್ಡ ಹತ್ತಿ ಶಾಲೆಗೆ ಹೋಗುತ್ತಿದ್ದ ದಾರಿ ಎಲ್ಲ ನೆನೆಸಿಕೊಳ್ಳುತ್ತಾರೆ. ಒಳಗೆ ಹೋಗಿ ನೋಡಲು ಆಗಲ್ಲ, ಒಂದು ಫೋಟೋ ಕೂಡ ಇಲ್ಲ. ಹಳೆ ನಕ್ಷೆಯಲ್ಲಿ ಏನಾದರೂ ಸಿಗಬಹುದಾ?
– ಬೆಂಗಳೂರಿನ ಓದುಗರು

ಉತ್ತರ: ಸಿಗುತ್ತದೆ, ಮತ್ತು ನಿಮ್ಮಂಥವರಿಗೆ ಸಿಗಬೇಕು ಅನ್ನೋದೇ ನನ್ನ ಆಸೆ. ಅಜ್ಜಿ ಇರುವಾಗಲೇ ಈ ಕೆಲಸ ಮಾಡಿ, ಮುಂದೆ ಹಾಕಬೇಡಿ.

ಸೀಬರ್ಡ್‌ಗೆ ಶಂಕುಸ್ಥಾಪನೆ ಆದದ್ದು 1986ರಲ್ಲಿ, ಐಎನ್ಎಸ್ ಕದಂಬ ನೌಕಾನೆಲೆ ಕೆಲಸ ಶುರು ಮಾಡಿದ್ದು 2005ರಲ್ಲಿ. ಕಾರವಾರ, ಅಂಕೋಲಾ ಎರಡೂ ತಾಲೂಕಿನ ಕಡಲಬದಿಯ ಊರುಗಳು ಅದಕ್ಕೆ ಹೋದವು. 1950ರ ಆಸುಪಾಸಿನ ಹಾಳೆ ಅದಕ್ಕಿಂತ ಒಂದು ತಲೆಮಾರು ಹಿಂದಿನದು. ಅಜ್ಜಿ ಹುಡುಗಿಯಾಗಿದ್ದ ಕಾಲಕ್ಕೆ ಅದು ಹತ್ತಿರ. ಕಟ್ಟಿದ ಬಾವಿಗೆ ಒಂದು ಗುರುತು, ಕಟ್ಟದ ಬಾವಿಗೆ ಇನ್ನೊಂದು ಇರುತ್ತದೆ. ಗುಡ್ಡ ಹತ್ತುವ ಕಾಲುದಾರಿ ಚುಕ್ಕಿ ಚುಕ್ಕಿ ಗೆರೆ. ಬನ ಎಲ್ಲ ಸಲವೂ ಬಂದಿರಲ್ಲ, ಚಿಕ್ಕದಾದರೆ ಬಿಟ್ಟಿರುತ್ತಾರೆ, ಅದನ್ನು ಅಜ್ಜಿಯ ಮಾತಿನಿಂದ ನೀವೇ ಗುರುತು ಹಾಕಬೇಕು.

ಹೇಗೆ ಕೂರಿಸಬೇಕು ಹೇಳುತ್ತೇನೆ. ಹಾಳೆಯ ಆ ಭಾಗವನ್ನಷ್ಟೇ ದೊಡ್ಡದು ಮಾಡಿ ಪ್ರಿಂಟ್ ತೆಗೆಯಿರಿ. ನೆಲದ ಮೇಲೆ ಹಾಸಿ. ಉತ್ತರ ಮೇಲೆ ಬರಬೇಕು ಅನ್ನೋ ನಿಯಮ ಮರೆತು, ಅಜ್ಜಿಗೆ ಕಡಲು ಯಾವ ಕಡೆ ಅಂತ ಅನಿಸುತ್ತದೋ ಆ ಕಡೆಗೆ ತಿರುಗಿಸಿ. ನಮ್ಮ ಕಡೆಯ ಹಿರಿಯರು ಮೂಡು, ಪಡು ಅಂತಲೇ ದಿಕ್ಕು ಹೇಳೋದು, ಕಡಲು ಮತ್ತು ಗುಡ್ಡ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ‘ನಿಮ್ಮ ಮನೆ ಎಲ್ಲಿತ್ತು’ ಅಂತ ಕೇಳಬೇಡಿ. ದಾರಿ ಕೇಳಿ. ಶಾಲೆಗೆ ಹೇಗೆ ಹೋಗ್ತಿದ್ರಿ, ಮದುವೆ ದಿಬ್ಬಣ ಯಾವ ಕಡೆಯಿಂದ ಬಂತು, ಮಳೆಗಾಲದಲ್ಲಿ ಹಳ್ಳ ಎಲ್ಲಿ ದಾಟುತ್ತಿದ್ರಿ, ಹೀಗೆ. ನಡೆದ ದಾರಿ ಹೇಳುತ್ತಾ ಹೋದರೆ ಮನೆ ಅದರ ತುದಿಯಲ್ಲಿ ಬಂದೇ ಬರುತ್ತದೆ. ಅವರು ತೋರಿಸಿದ ಕಡೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಯಾವ ನಂಬರಿಗೆ ಯಾವ ಮಾತು ಅಂತ ಬರೆದುಕೊಳ್ಳಿ.

ಫೋಟೋ ಇಲ್ಲ ಅಂದಿರಿ. ಅಮೆರಿಕದ ಕೊರೋನಾ ಗೂಢಚಾರಿ ಉಪಗ್ರಹಗಳು 1960ರಿಂದ 1972ರ ತನಕ ತೆಗೆದ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕ ಮಾಡಲಾಯಿತು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಜಾಗ ಗುರುತಿಸಿ ಹುಡುಕಬಹುದು. ಮೋಡವಿಲ್ಲದ ದಿನದ ಒಳ್ಳೆ ಚಿತ್ರ ಸಿಕ್ಕರೆ ಗದ್ದೆ ಬಯಲು, ತೋಟದ ಅಂಚು ಕಾಣುತ್ತದೆ. ಅಜ್ಜಿಯ ಊರನ್ನು ಆಕಾಶದಿಂದಾದರೂ ನೋಡಿದ ಹಾಗಾಗುತ್ತದೆ ಅಲ್ವಾ?

ಇದೇ ಪ್ರಶ್ನೆಯನ್ನು ಸೂಪಾ ಕಡೆಯವರೂ ಕೇಳಿದ್ದಾರೆ. ಹಳೆ ಸೂಪಾ ಪೇಟೆ ಕಾಳಿಯ ಅಣೆಕಟ್ಟಿನ ನೀರಿನಲ್ಲಿದೆ, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಆ ಜಾಗದ ಹಳೆ ಹಾಳೆಯಲ್ಲಿ ಹೊಳೆ ತೆಳ್ಳಗಿದೆ, ಪೇಟೆ ದಂಡೆಯಲ್ಲಿದೆ. ಮೇಲೆ ಹೇಳಿದ ಕ್ರಮವೇ ನಿಮಗೂ.

ಪ್ರಶ್ನೆ: ಹಳೆ ಟೋಪೋಶೀಟಿನ ಮೇಲೆ ಈಗಿನ ಉಪಗ್ರಹ ಚಿತ್ರ ಇಟ್ಟು ನೋಡಿದೆ. ಕಡಲು ನೂರು ಮೀಟರಿಗಿಂತ ಜಾಸ್ತಿ ಒಳಗೆ ಬಂದಿದೆ. ಇದನ್ನು ಕಡಲ್ಕೊರೆತಕ್ಕೆ ಸಾಕ್ಷಿ ಅಂತ ಬಳಸಬಹುದಾ?
– ಉಳ್ಳಾಲದ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಉಳ್ಳಾಲದಲ್ಲಿ ಕಡಲ್ಕೊರೆತ ಇದೆ, ಮನೆ ಕಳಕೊಂಡವರಿದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ. ಅದಕ್ಕೇ ಸಾಕ್ಷಿ ಗಟ್ಟಿಯಾಗಿರಬೇಕು. ಸಡಿಲ ಲೆಕ್ಕ ತೆಗೆದುಕೊಂಡು ಹೋದರೆ ಎದುರಿನವರು ಒಂದೇ ನಿಮಿಷದಲ್ಲಿ ಬೀಳಿಸುತ್ತಾರೆ.

ಮೊದಲನೆಯದು, ಹಳೆ ನಕ್ಷೆಯ ಅಕ್ಷಾಂಶ ರೇಖಾಂಶ ಎವರೆಸ್ಟ್ ಅನ್ನೋ ಹಳೆ ಲೆಕ್ಕದ್ದು. ಈಗಿನ ಜಿಪಿಎಸ್, ಉಪಗ್ರಹ ಚಿತ್ರ ಬಳಸುವುದು ಡಬ್ಲ್ಯುಜಿಎಸ್84. ಎರಡೂ ಭೂಮಿಯ ಆಕಾರವನ್ನು ಬೇರೆ ಬೇರೆಯಾಗಿ ಹಿಡಿಯುತ್ತವೆ. ಅಂಚಿನ ಅಂಕಿ ನೋಡಿ ನೇರ ಕೂರಿಸಿದರೆ ನಮ್ಮ ಕರಾವಳಿಯಲ್ಲಿ ಇಡೀ ನಕ್ಷೆ ನೂರು ಮೀಟರಿಗಿಂತ ಜಾಸ್ತಿ ಸರಿದು ಕೂರುತ್ತದೆ. ನಿಮಗೆ ಕಂಡ ನೂರು ಮೀಟರ್ ಇದೇ ಇರಬಹುದು. ಪರೀಕ್ಷೆ ಸುಲಭ. ಒಳನಾಡಿನ ಒಂದು ಹಳೆ ದೇವಸ್ಥಾನವೋ ಇಗರ್ಜಿಯೋ ನೋಡಿ. ಅದೂ ಅದೇ ದಿಕ್ಕಿಗೆ ಅಷ್ಟೇ ಸರಿದಿದ್ದರೆ ಕಡಲು ಬಂದಿಲ್ಲ, ನಕ್ಷೆ ಜಾರಿದೆ.

ಎರಡನೆಯದು, ಇಂಚಿನ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 63 ಮೀಟರ್. ಕಡಲ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಹಿಡಿದರೂ ಮೂವತ್ತು ಮೀಟರ್ ಗೆರೆಯೊಳಗೇ ಹೋಯಿತು. ಗೆರೆ ಎಳೆದದ್ದು ಭರತದ ನೀರು ಮುಟ್ಟುವ ಜಾಗಕ್ಕೆ, ಉಪಗ್ರಹ ಚಿತ್ರ ತೆಗೆದ ಹೊತ್ತಿಗೆ ಇಳಿತ ಇತ್ತೋ ಭರತ ಇತ್ತೋ? ಮಳೆಗಾಲ ಮುಗಿದ ಕೂಡಲೆ ಕಡಲ ದಂಡೆ ಕಿರಿದು, ಬೇಸಗೆಗೆ ಅಗಲ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಮಾಡಬೇಕು? ಕ್ಯೂಜಿಐಎಸ್ ಅನ್ನೋ ಉಚಿತ ತಂತ್ರಾಂಶದಲ್ಲಿ ಜಿಯೋರೆಫರೆನ್ಸ್ ಮಾಡುವಾಗ, ಅಂದರೆ ಹಳೆ ನಕ್ಷೆಯನ್ನು ಈಗಿನ ನೆಲದ ಮೇಲೆ ಸರಿಯಾಗಿ ಕೂರಿಸುವಾಗ, ಗಟ್ಟಿ ಗುರುತುಗಳನ್ನೇ ಹಿಡಿಯಿರಿ. ಹಳೆ ದೇವಸ್ಥಾನ, ಇಗರ್ಜಿ, ಬಂಡೆ ಇರುವ ಭೂಶಿರ, ಹಳೆ ಕೆರೆಯ ಮೂಲೆ. ಅಳಿವೆ ಬಾಯಿ, ಮರಳ ದಿಬ್ಬ, ಹೊಳೆಯ ತಿರುವು ಯಾವುದನ್ನೂ ಗುರುತಾಗಿ ಇಡಬೇಡಿ, ನೀವು ಅಳೆಯಬೇಕಾದದ್ದೇ ಅವುಗಳ ಓಡಾಟ. ಗುರುತುಗಳು ಹಾಳೆಯ ನಾಲ್ಕೂ ಕಡೆ ಹರಡಿರಲಿ. ಇಷ್ಟು ಮಾಡಿದ ಮೇಲೆ ಅಳಿವೆ ಬಾಯಿ ಎಷ್ಟೋ ದೂರ ಸರಿದಿದೆ, ಮರಳಿನ ನಾಲಿಗೆ ಉದ್ದವಾಗಿದೆ ಅಂತ ಕಂಡರೆ ಅದು ನಂಬಬಹುದಾದ ವಿಷಯ. ಮೂವತ್ತು ನಲವತ್ತು ಮೀಟರಿನ ಮಾತಿಗೆ ಈ ನಕ್ಷೆ ಸಾಲದು. ಅದಕ್ಕೆ ಬೇರೆ ಬೇರೆ ವರ್ಷದ, ಒಂದೇ ಋತುವಿನ ಉಪಗ್ರಹ ಚಿತ್ರ ಜೋಡಿಸಿ. ಪಣಂಬೂರಿನ ನವ ಮಂಗಳೂರು ಬಂದರು ಬಂದದ್ದು 1970ರ ದಶಕದಲ್ಲಿ, ಆ ಕಡೆಯ ದಂಡೆ ಹೋಲಿಸುವವರು ಬಂದರಿಗೆ ಮೊದಲು, ಆಮೇಲೆ ಅಂತ ಬೇರೆ ಬೇರೆ ಇಟ್ಟು ನೋಡಬೇಕು.

ಪ್ರಶ್ನೆ: ಪಕ್ಕದ ಜಾಗದವರ ಜೊತೆ ಗಡಿ ತಕರಾರು ಇದೆ. ಟೋಪೋಶೀಟ್ ತೋರಿಸಬಹುದಾ?
– ಭಟ್ಕಳದ ಓದುಗರು

ಉತ್ತರ: ಪ್ರಯೋಜನ ಇಲ್ಲ. ಟೋಪೋಶೀಟಿನಲ್ಲಿ ಸರ್ವೆ ನಂಬರ್ ಇರಲ್ಲ, ಖಾಸಗಿ ಜಾಗದ ಗಡಿ ಇರಲ್ಲ. ಬೇಲಿಯ ವಿಷಯಕ್ಕೆ ಬೇಕಾದದ್ದು ಭೂದಾಖಲೆ ಇಲಾಖೆಯ ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆ, ಮತ್ತೆ ನಿಮ್ಮ ಪಹಣಿ. ದಿಶಾಂಕ್ ಆ್ಯಪ್ ಸರ್ವೆ ನಂಬರ್ ಸುಮಾರಾಗಿ ಎಲ್ಲಿ ಬರುತ್ತದೆ ಅಂತ ತೋರಿಸುತ್ತದೆ, ಗಡಿ ಕಲ್ಲು ಹಾಕಲು ಅದೂ ಸಾಲದು. ಸರ್ವೆಯರ್ ಬಂದು ಅಳೆಯಲೇಬೇಕು.

ಪ್ರಶ್ನೆ: ಅಘನಾಶಿನಿಯ ಅಳಿವೆ ಬದಿಯ, ಉಪ್ಪುನೀರು ಬರುವ ಗಜನಿ ಗದ್ದೆಗಳ ಬಗ್ಗೆ ಬರೆಯುತ್ತಿದ್ದೇನೆ. ಹಳೆ ಹಾಳೆಯಲ್ಲಿ ಆ ಜಾಗದಲ್ಲಿ ಎತ್ತರ ತೋರಿಸುವ ಕಂಟೂರ್ ಗೆರೆಯೇ ಇಲ್ಲ, ಬರೀ ಖಾಲಿ. ಉಪ್ಪುನೀರು ಎಲ್ಲಿಯ ತನಕ ಬರುತ್ತಿತ್ತು ಅಂತ ಹೇಗೆ ತಿಳಿಯೋದು?
– ಗೋಕರ್ಣದ ಓದುಗರು

ಉತ್ತರ: ಒಳ್ಳೆ ವಿಷಯ ಹಿಡಿದಿದ್ದೀರಿ. ಇಂಚಿನ ಹಾಳೆಗಳಲ್ಲಿ ಕಂಟೂರ್ ಗೆರೆ 50 ಅಡಿಗೊಂದು. ಅಂದರೆ ಕಡಲಮಟ್ಟದಿಂದ 15 ಮೀಟರ್ ತನಕ ಒಂದು ಗೆರೆಯೂ ಬರಲ್ಲ. ನಮ್ಮ ಕರಾವಳಿಯ ಬದುಕೆಲ್ಲ ಇರುವುದೇ ಆ 15 ಮೀಟರಿನ ಒಳಗೆ! ಗಜನಿ, ಬೈಲು ಗದ್ದೆ, ತೆಂಗಿನ ತೋಟ, ಮೀನುಗಾರರ ಕೇರಿ ಎಲ್ಲ. ಹಾಗಾಗಿ ಎತ್ತರದ ಗೆರೆ ಬಿಟ್ಟು ಬೇರೆ ಗುರುತುಗಳಿಂದ ಓದಬೇಕು.

48 ಜೆ/6 ಹಾಳೆಯಲ್ಲಿ ತದಡಿಯ ಅಳಿವೆಯಿಂದ ಒಳಗೆ ಬನ್ನಿ. ಹಳದಿ ಬಣ್ಣ ಎಲ್ಲಿದೆಯೋ ಅದು ಸಾಗುವಳಿ. ಹಳದಿ ನೇರವಾಗಿ ಹೊಳೆಯ ಕೋಡಿನ (ಕವಲಿನ) ನೀರಿಗೆ ತಾಗಿಕೊಂಡಿದ್ದರೆ, ನಡುವೆ ಕಟ್ಟೆಯ ಗೆರೆ ಎಳೆದಿದ್ದರೆ, ಅದು ಕಟ್ಟೆ ಹಾಕಿ ಉಪ್ಪುನೀರು ತಡೆದು ಮಾಡಿದ ಗದ್ದೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದದ್ದು ಇಂಥ ಕಡೆಯೇ. ಕಟ್ಟೆಯ ಗೆರೆ ಸೊಟ್ಟಗೆ, ಹೊಳೆಯ ಕೋಡನ್ನೇ ಹಿಡಿದು ಹೋದರೆ ಊರವರು ಮಣ್ಣಿನಲ್ಲಿ ಕಟ್ಟಿದ್ದಿರಬಹುದು. ಸ್ಕೇಲ್ ಇಟ್ಟ ಹಾಗೆ ನೇರ ಹೋದರೆ ಆಮೇಲೆ ಸರ್ಕಾರ ಕಟ್ಟಿಸಿದ್ದಿರುವ ಸಾಧ್ಯತೆ ಜಾಸ್ತಿ. ಇದು ಬರೀ ಸುಳಿವು, ಊರವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಸಾಣಿಕಟ್ಟಾದ ಉಪ್ಪಿನಾಗರಗಳನ್ನೂ ಗುರುತಿಸಿ. ಆಗರ ಇದ್ದ ಕಡೆ ಭರತದ ನೀರು ಬರಲೇಬೇಕು, ಹಾಗಾಗಿ ಉಪ್ಪುನೀರಿನ ಬಗ್ಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಆಮೇಲೆ ಬಾವಿಗಳು. ಬಾವಿ ಗುರುತು ಎಲ್ಲಿಂದ ಶುರುವಾಗುತ್ತದೆ ನೋಡಿ. ಉಪ್ಪು ಬರುವ ಬಯಲಲ್ಲಿ ಯಾರೂ ಕುಡಿಯುವ ನೀರಿನ ಬಾವಿ ತೋಡಲ್ಲ. ಗುಡ್ಡದ ಬುಡಕ್ಕೆ, ಮರಳ ದಿಬ್ಬದ ಮೇಲೆ ಬಾವಿಗಳು ಸಾಲಾಗಿ ಬರುತ್ತವೆ. ಆ ಸಾಲನ್ನು ಪೆನ್ಸಿಲ್‌ನಲ್ಲಿ ಸೇರಿಸಿದರೆ ಸಿಹಿನೀರಿನ ಅಂಚು ಸುಮಾರಾಗಿ ಸಿಕ್ಕಿತು. ಈಗ ಅದೇ ಜಾಗದ ಉಪಗ್ರಹ ಚಿತ್ರದಲ್ಲಿ ಗಜನಿಯ ಎಷ್ಟೋ ಭಾಗ ಸಿಗಡಿ ಕೆರೆಗಳ ಚೌಕಗಳಾಗಿವೆ. ಕಗ್ಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಇದನ್ನು ಬರೆಯುವಾಗ ಹಳೆ ಹಾಳೆ, ಕೊರೋನಾ ಚಿತ್ರ, ಈಗಿನ ಚಿತ್ರ ಮೂರನ್ನೂ ಒಂದೇ ಸ್ಕೇಲಿಗೆ ತಂದು ಪಕ್ಕಪಕ್ಕ ಅಚ್ಚು ಮಾಡಿ, ಓದುವವರಿಗೆ ನೀವು ಜಾಸ್ತಿ ಹೇಳಬೇಕಾಗಿಯೇ ಬರಲ್ಲ.

ಪ್ರಶ್ನೆ: ಕಾರವಾರದ ಹಾಳೆಯಲ್ಲಿ ಉತ್ತರದ ಗಡಿ ದಪ್ಪಗೆ ಯಾಕಿದೆ? ದ್ವೀಪಗಳ ಹೆಸರೂ ಬೇರೆ ಇದೆಯಲ್ಲ?
– ಕಾರವಾರದ ಓದುಗರು

ಉತ್ತರ: ಅದು ಆಗ ದೇಶದ ಗಡಿ. ಗೋವಾ 1961ರ ಡಿಸೆಂಬರ್ ತನಕ ಪೋರ್ಚುಗೀಸರ ಕೈಲಿತ್ತು. ಮಾಜಾಳಿ ದಾಟಿದರೆ ಬೇರೆ ದೇಶ. ಕಾರವಾರದ ಎದುರಿಗೇ ಇರುವ ಅಂಜದೀವ್ ಕೂಡ ಅವರದೇ. ಅಲ್ಲಿಂದ 1961ರ ನವೆಂಬರ್‌ನಲ್ಲಿ ‘ಸಾಬರಮತಿ’ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದು ಗೋವಾ ಕಾರ್ಯಾಚರಣೆಗೆ ಮೊದಲಿನ ಮುಖ್ಯ ಘಟನೆಗಳಲ್ಲಿ ಒಂದು. ದಕ್ಷಿಣಕ್ಕೆ ನೋಡಿದರೆ ಭಟ್ಕಳದ ಕೆಳಗೆ ಇನ್ನೊಂದು ಗಡಿ: ಉತ್ತರ ಕನ್ನಡ ಬೊಂಬಾಯಿ ರಾಜ್ಯದ್ದು, ದಕ್ಷಿಣ ಕನ್ನಡ ಮದ್ರಾಸಿನದು. ಎರಡೂ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ಕಾಸರಗೋಡು ಕೇರಳಕ್ಕೆ ಹೋದದ್ದೂ ಆಗಲೇ. ನಿಮ್ಮ ಹಾಳೆಯಲ್ಲಿ ಬೊಂಬಾಯಿ ಇದೆಯೋ ಮೈಸೂರು ಇದೆಯೋ ಅನ್ನೋದರಿಂದ ಗಡಿ ತಿದ್ದಿದ ಕಾಲ ಗೊತ್ತಾಗುತ್ತದೆ. ದ್ವೀಪಗಳಿಗೆ ಹಡಗಿನವರ ಇಂಗ್ಲಿಷ್ ಹೆಸರು ಹಾಕಿದ್ದಾರೆ. ದೇವಗಡ ಇರುವ ಜಾಗಕ್ಕೆ ‘ಆಯ್ಸ್ಟರ್ ರಾಕ್ಸ್’, ನೇತ್ರಾಣಿಗೆ ‘ಪಿಜನ್ ಐಲ್ಯಾಂಡ್’. ಹಳೆ ದಾಖಲೆ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ಪ್ರಶ್ನೆ: ದೇವಿಮನೆ ಘಟ್ಟದ ಆಸುಪಾಸಿನಲ್ಲಿ ಹಾಳೆ ತುಂಬ ತುಂಡು ಗೆರೆಯ ದಾರಿಗಳಿವೆ. ಈಗ ಕಾಡು. ಇವು ಯಾವ ದಾರಿ?
– ಶಿರಸಿಯ ಓದುಗರು

ಉತ್ತರ: ಗೆರೆಯ ತರ ನೋಡಿ ವಿಂಗಡಿಸಿ. ಗಾಡಿದಾರಿಗೆ ಒಂದು ಗೆರೆ, ಹೇರೆತ್ತು (ಸರಕು ಹೊರುವ ಎತ್ತು) ಹೋಗುವ ದಾರಿಗೆ ಇನ್ನೊಂದು, ಕಾಲುದಾರಿಗೆ ಮತ್ತೊಂದು. ಹಾಳೆಯ ಕೆಳಗೆ ಗುರುತಿನ ಪಟ್ಟಿ ಇರುತ್ತದೆ. ಗಾಡಿದಾರಿ ಕಂಟೂರ್ ಗೆರೆಗಳನ್ನು ಓರೆಯಾಗಿ, ನಿಧಾನಕ್ಕೆ ದಾಟುತ್ತದೆ. ಹೇರೆತ್ತಿನ ದಾರಿ ಜಾಸ್ತಿ ಕಡಿದಾಗಿ ಹತ್ತುತ್ತದೆ. ಕಾಲುದಾರಿ ಗೆರೆಗಳನ್ನು ನೆಟ್ಟಗೆ ಕತ್ತರಿಸಿ ಹೋಗುತ್ತದೆ.

ಘಟ್ಟದ ಮೇಲಿನ ಸರಕು ಕಡಲಿಗೆ ಇಳಿದದ್ದು ಇಂಥ ದಾರಿಗಳಲ್ಲಿ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾಕ್ಕೆ ಇಳಿದು ಅಲ್ಲಿಂದ ಬೊಂಬಾಯಿಗೆ ಹೋಗುತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯಲ್ಲ, ಆದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಅಂತಲೇ ಹೆಸರಿತ್ತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆಗಿ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬೆಲೆ ಬಂತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಸೇರಿಸಿದ್ದರಲ್ಲಿ, ಕಾರವಾರ ಬಂದರನ್ನು ಬೆಳೆಸಲು ಹೊರಟಿದ್ದರಲ್ಲಿ ಈ ಹತ್ತಿಯ ಪಾಲು ದೊಡ್ಡದು. ಆಮೇಲೆ 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಮೂಲಕ ಮಾರ್ಮುಗೋವಾಕ್ಕೆ ರೈಲು ಬಂತು, ಸರಕು ಆ ಕಡೆ ತಿರುಗಿತು. ನೀವು 1950ರ ಹಾಳೆಯಲ್ಲಿ ನೋಡುತ್ತಿರುವುದು ವ್ಯಾಪಾರ ಹೋಗಿ ಎರಡು ತಲೆಮಾರು ಕಳೆದ ಮೇಲೂ ಉಳಿದ ದಾರಿಗಳನ್ನು. 1883ರ ಬೊಂಬಾಯಿ ಗೆಜೆಟಿಯರಿನ ಕೆನರಾ ಸಂಪುಟ ಜೊತೆಗಿಟ್ಟುಕೊಳ್ಳಿ. ಅದರಲ್ಲಿ ದಾರಿ, ಘಟ್ಟ, ಬಂದರುಗಳ ವಿವರ ಇದೆ. ಅದರಲ್ಲಿ ಹೆಸರು ಬಂದ ಘಟ್ಟಕ್ಕೆ ಹಾಳೆಯಲ್ಲಿ ಬರೀ ಕಾಲುದಾರಿ ಇದ್ದರೆ ನಡುವೆ ಏನಾಯಿತು ಅಂತ ಹುಡುಕಲು ಅದೇ ಆರಂಭ. ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡೇ ಹೋಗಿ.

ಪ್ರಶ್ನೆ: ಕರಾವಳಿಯ ಟೋಪೋಶೀಟ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಅಂತ ಯಾರೋ ಹೆದರಿಸಿದರು. ನಿಜವಾ?
– ಮಂಗಳೂರಿನ ಓದುಗರು

ಉತ್ತರ: ಆ ಮಾತಿಗೆ ಹಿನ್ನೆಲೆ ಇದೆ. ದೇಶದ ಗಡಿ ಮತ್ತು ಕರಾವಳಿಯ ಹಾಳೆಗಳು ಬಹಳ ಕಾಲ ನಿರ್ಬಂಧದಲ್ಲಿದ್ದವು. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದಮೇಲೆ ಜನರಿಗೆ ಓಪನ್ ಸೀರೀಸ್, ಸೇನೆಗೆ ಬೇರೆ ಸರಣಿ ಅಂತ ಎರಡಾಯಿತು. 2021ರ ಫೆಬ್ರವರಿಯ ಮಾರ್ಗಸೂಚಿ ಇನ್ನಷ್ಟು ಸಡಿಲ ಮಾಡಿದೆ. ಓಪನ್ ಸೀರೀಸ್ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾದ ತಾಣದಿಂದಲೇ ಇಳಿಸಿಕೊಳ್ಳಬಹುದು. ಆದರೆ ತಲೆಯ ಮೇಲೆ ನಿರ್ಬಂಧಿತ ಅಂತ ಅಚ್ಚಾಗಿರುವ ಹಾಳೆ ಸಿಕ್ಕರೆ ಅದನ್ನು ಸ್ಕ್ಯಾನ್ ಮಾಡಿ ಗ್ರೂಪುಗಳಿಗೆ ಹಂಚಬೇಡಿ, ಮೊದಲು ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: ಹೈಸ್ಕೂಲ್ ಮಕ್ಕಳ ಕೈಲಿ ಇದನ್ನು ಮಾಡಿಸಬೇಕು ಅಂತ ಆಸೆ. ಕಂಪ್ಯೂಟರ್ ಇಲ್ಲ. ಆಗುತ್ತಾ?
– ಕುಂದಾಪುರದ ಶಿಕ್ಷಕಿ

ಉತ್ತರ: ಖಂಡಿತ ಆಗುತ್ತದೆ ಮೇಡಂ. ಶಾಲೆಯ ಸುತ್ತ ಐದು ಕಿಲೋಮೀಟರಿನಷ್ಟು ಭಾಗವನ್ನು ಹಾಳೆಯಿಂದ ದೊಡ್ಡದು ಮಾಡಿ ಜೆರಾಕ್ಸ್ ಮಾಡಿಸಿ. ಮೇಲೆ ಟ್ರೇಸಿಂಗ್ ಪೇಪರ್. ಮೊದಲ ದಿನ ನೀರು ಮಾತ್ರ ಎಳೆಯಲಿ: ಹೊಳೆ, ತೋಡು, ಕೆರೆ, ಬಾವಿ. ಎರಡನೇ ದಿನ ಇನ್ನೊಂದು ಪೇಪರಿನಲ್ಲಿ ದಾರಿ, ತಾರಿ. ಮೂರನೇದರಲ್ಲಿ ದೇವಸ್ಥಾನ, ದೈವದ ಗುಡಿ, ಮಸೀದಿ, ಇಗರ್ಜಿ, ಶಾಲೆ. ಒಂದರ ಮೇಲೊಂದು ಇಟ್ಟರೆ ಯಾಕೆ ಇಲ್ಲಿ ಇದು ಅಂತ ಮಕ್ಕಳೇ ಕೇಳಲು ಶುರು ಮಾಡುತ್ತಾರೆ. ಎತ್ತರದ ಅಂಕಿಗಳು ಅಡಿಯಲ್ಲಿರುತ್ತವೆ, ಅದನ್ನು ಮೀಟರಿಗೆ ತರುವುದು ಗಣಿತದ ಪಾಠಕ್ಕೂ ಆಯಿತು, 0.3048ರಿಂದ ಗುಣಿಸಿದರೆ ಸಾಕು.

ಆಮೇಲೆ ಒಂದು ಶನಿವಾರ, ಹಾಳೆಯಲ್ಲಿದ್ದು ಈಗ ಕಾಣದ ಒಂದು ಕೆರೆಯನ್ನೋ ತಾರಿಯನ್ನೋ ಆರಿಸಿ ಎಲ್ಲರೂ ನಡೆದು ಹೋಗಿ. ಅಲ್ಲಿ ಹತ್ತಿರದ ಮನೆಯ ಹಿರಿಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅವರು ಹೇಳಿದ್ದನ್ನು ಮಕ್ಕಳು ನಕ್ಷೆಯ ಹಿಂದೆ ದಿನಾಂಕ ಹಾಕಿ ಬರೆಯಲಿ. ನಕ್ಷೆಯಲ್ಲಿಲ್ಲದ ಹೆಸರು ಯಾವುದಾದರೂ ಅವರ ಬಾಯಿಂದ ಬಂದರೆ, ಗದ್ದೆಗೋ ಬಂಡೆಗೋ ತೋಡಿನ ತಿರುವಿಗೋ ಇಟ್ಟ ಹೆಸರು, ಅದನ್ನು ಕೆಂಪು ಪೆನ್ನಿನಲ್ಲಿ ಆ ಜಾಗದಲ್ಲೇ ಬರೆಸಿ. ನೀವು ಮಾಡಿದ ಹಾಳೆಯ ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದು ಗ್ರಾಮ ಪಂಚಾಯಿತಿಯ ಲೈಬ್ರರಿಗೆ ಕೊಡಿ, ಮೂರನೆಯದನ್ನು ನಮಗೆ ಕಳಿಸಿದರೆ ಪತ್ರಿಕೆಯಲ್ಲಿ ಅಚ್ಚು ಮಾಡುತ್ತೇವೆ.